ಪುರಾತನ ಲೇಸ್ ಬಾಬಿನ್‌ಗಳ ಕಾಲ ಮತ್ತು ಮೌಲ್ಯ ನಿರ್ಣಯ

ಲೇಸ್ ಬಾಬಿನ್ ಎಂದರೆ ದಿಂಬಿನ ಮೇಲೆ ಕೈಯಿಂದ ಲೇಸ್ ಹೆಣೆಯುವವರು ದಾರವನ್ನು ಸುತ್ತಿಟ್ಟುಕೊಳ್ಳಲು ಬಳಸುವ ಸಣ್ಣ ಕಡ್ಡಿ. ಇದನ್ನು ಸಾಮಾನ್ಯವಾಗಿ ಮರದಿಂದ ಅಥವಾ ಪ್ರಾಣಿಗಳ ಮೂಳೆಯಿಂದ ಕಡೆದು ಮಾಡಲಾಗುತ್ತದೆ. ಇಂಗ್ಲೆಂಡಿನ ಪೂರ್ವ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ, ಅಂದರೆ ಬೆಡ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಮತ್ತು ನಾರ್ಥಾಂಪ್ಟನ್‌ಶೈರ್ ಕೌಂಟಿಗಳಲ್ಲಿ, ೧೯ನೆಯ ಶತಮಾನದಲ್ಲಿ ತಯಾರಾದ ಬಾಬಿನ್‌ಗಳು ಇಂದು ಸಂಗ್ರಾಹಕರಿಗೆ ಪ್ರಿಯವಾದ ವಸ್ತುಗಳಾಗಿವೆ. ಅಂತರಜಾಲದ ಹರಾಜು ತಾಣಗಳಲ್ಲಿ ಇವು ನಿರಂತರವಾಗಿ ಮಾರಾಟವಾಗುತ್ತವೆ. ಅಲ್ಲಿ ನಿಜವಾಗಿ ಹಳೆಯವು, ೧೯೭೦ರ ದಶಕದ ನಂತರ ತಯಾರಾದ ಹೊಸವು, ಹಳೆಯ ಕಡ್ಡಿಗೆ ಹೊಸ ಬರೆಹ ಸೇರಿಸಿದವು ಹಾಗೂ ಕೈಲೇಸಿಗೆ ಸಂಬಂಧವೇ ಇಲ್ಲದ ವಸ್ತುಗಳು ಬೆರೆತಿರುತ್ತವೆ. ಬಾಬಿನ್‌ನ ಕಾಲವನ್ನು ಯಾವುದೇ ಒಂದು ಲಕ್ಷಣದಿಂದ ತೀರ್ಮಾನಿಸಲಾಗದು. ವಸ್ತು, ಆಕಾರ, ಸವೆತ, ಮಣಿಗಳು ಮತ್ತು ಬರೆಹ ಇವನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಅವು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ನೋಡಬೇಕಾಗುತ್ತದೆ.

ಹಿನ್ನೆಲೆ

ಬಾಬಿನ್ ಲೇಸ್ ಕಲೆಯು ೧೬ನೆಯ ಶತಮಾನದಲ್ಲಿ ಇಟಲಿ ಮತ್ತು ಫ್ಲಾಂಡರ್ಸ್ ಪ್ರದೇಶಗಳಲ್ಲಿ ಬೆಳೆಯಿತು. ೧೫೬೧ರ ಸುಮಾರಿಗೆ ಜ್ಯೂರಿಕ್ ನಗರದಲ್ಲಿ ಪ್ರಕಟವಾದ ಮಾದರಿ ಪುಸ್ತಕವೊಂದು, ಈ ಕಲೆಯನ್ನು ೧೫೩೬ರಲ್ಲಿ ವರ್ತಕರು ವೆನಿಸ್ಸಿನಿಂದ ಅಲ್ಲಿಗೆ ತಂದರೆಂದು ತಿಳಿಸುತ್ತದೆ. ವಿನ್ಯಾಸವನ್ನು ಚುಚ್ಚಿ ಗುರುತಿಸಿದ ಚರ್ಮಪತ್ರವನ್ನು ಹುಲ್ಲು ತುಂಬಿದ ಗಟ್ಟಿ ದಿಂಬಿನ ಮೇಲೆ ಹರಡಿ, ರಂಧ್ರಗಳಲ್ಲಿ ಗುಂಡುಸೂಜಿಗಳನ್ನು ನೆಟ್ಟು, ಬಾಬಿನ್‌ಗಳನ್ನು ಜೋಡಿಜೋಡಿಯಾಗಿ ಅದಲುಬದಲು ಮಾಡುತ್ತ ಲೇಸ್ ಹೆಣೆಯಲಾಗುತ್ತದೆ. ಕಿರಿದಾದ ಅಂಚಿಗೆ ಕೆಲವು ಡಜನ್ ಬಾಬಿನ್‌ಗಳು ಸಾಕಾದರೆ, ಅಗಲವಾದ ಪಟ್ಟಿಗೆ ನೂರಾರು ಬೇಕಾಗುತ್ತವೆ. ಹಳೆಯ ಬಾಬಿನ್‌ಗಳು ಇಂದಿಗೂ ದೊಡ್ಡ ಸಂಖ್ಯೆಯಲ್ಲಿ ದೊರೆಯುವುದಕ್ಕೆ ಇದೇ ಮುಖ್ಯ ಕಾರಣ.

ಜಾನ್ ಹೀತ್‌ಕೋಟ್ ೧೮೦೯ರಲ್ಲಿ ಪೇಟೆಂಟ್ ಪಡೆದ ಬಾಬಿನೆಟ್ ಯಂತ್ರ ಮತ್ತು ಅದರ ಬೆನ್ನಿಗೇ ಬಂದ ಲೀವರ್ಸ್ ಯಂತ್ರಗಳು ಕೈಲೇಸಿನ ಮಾರುಕಟ್ಟೆಯನ್ನು ಕ್ರಮೇಣ ಕುಗ್ಗಿಸಿದವು. ಆದರೂ ೧೯ನೆಯ ಶತಮಾನದುದ್ದಕ್ಕೂ ಹಳ್ಳಿಗಳಲ್ಲಿ ಈ ಕೆಲಸ ಮುಂದುವರಿಯಿತು. ೧೯೭೦ರ ದಶಕದಲ್ಲಿ ಇದು ಹವ್ಯಾಸವಾಗಿ ಪುನರುಜ್ಜೀವನಗೊಂಡಿತು; ಬ್ರಿಟನ್ನಿನ ಲೇಸ್ ಗಿಲ್ಡ್ ಸಂಸ್ಥೆ ಸ್ಥಾಪನೆಯಾದುದು ೧೯೭೬ರಲ್ಲಿ. ಆ ಬಳಿಕ ಅನೇಕ ಕುಶಲಕರ್ಮಿಗಳು ಹಳೆಯ ಮಾದರಿಯಲ್ಲೇ ಹೊಸ ಬಾಬಿನ್‌ಗಳನ್ನು ಕಡೆಯತೊಡಗಿದರು. ಇವು ಮೋಸದ ಉದ್ದೇಶದಿಂದ ತಯಾರಾದವಲ್ಲ. ಆದರೆ ಎರಡು ಮೂರು ಕೈ ಬದಲಾದ ಮೇಲೆ ಇವೇ ಪುರಾತನ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬರುವುದುಂಟು.

ಪ್ರಾದೇಶಿಕ ರೂಪಗಳು

ಬಾಬಿನ್‌ನ ಆಕಾರವು ಅದು ಎಲ್ಲಿಯದು ಎಂಬುದನ್ನು ತಿಳಿಸುತ್ತದೆಯೇ ಹೊರತು ಎಷ್ಟು ಹಳೆಯದು ಎಂಬುದನ್ನಲ್ಲ.

ಪೂರ್ವ ಮಿಡ್‌ಲ್ಯಾಂಡ್ಸ್: ಸುಮಾರು ೧೦ ಸೆಂಟಿಮೀಟರ್ ಉದ್ದದ ತೆಳ್ಳನೆಯ ಕಡ್ಡಿ. ತಳದ ರಂಧ್ರದಲ್ಲಿ ತಂತಿಗೆ ಪೋಣಿಸಿದ ಗಾಜಿನ ಮಣಿಗಳ ಬಳೆ ಇರುತ್ತದೆ. ಇದಕ್ಕೆ ಸ್ಪ್ಯಾಂಗಲ್ ಎಂದು ಹೆಸರು. ಹಗುರವಾದ ಕಡ್ಡಿಗೆ ತೂಕ ಕೊಟ್ಟು ದಾರವನ್ನು ಬಿಗಿಯಾಗಿಡುವುದು ಮತ್ತು ಕಡ್ಡಿ ದಿಂಬಿನ ಮೇಲೆ ಉರುಳದಂತೆ ತಡೆಯುವುದು ಇದರ ಕೆಲಸ.

ದಕ್ಷಿಣ ಬಕಿಂಗ್‌ಹ್ಯಾಮ್‌ಶೈರ್: ದಪ್ಪನೆಯ ಮರದ ಬಾಬಿನ್‌ಗಳು. ಇವುಗಳಿಗೆ ಸಾಮಾನ್ಯವಾಗಿ ಮಣಿಗಳಿರುವುದಿಲ್ಲ.

ಡೆವನ್‌ನ ಹಾನಿಟನ್: ಹಗುರವಾದ, ನುಣುಪಾದ, ತುದಿ ಚೂಪಾದ ಮರದ ಕಡ್ಡಿಗಳು. ಇಲ್ಲಿ ಲೇಸಿನ ಬಿಡಿ ಭಾಗಗಳನ್ನು ಜೋಡಿಸುವಾಗ ಬಾಬಿನ್ ಅನ್ನು ದಾರದ ಕುಣಿಕೆಯೊಳಗಿಂದ ತೂರಿಸಬೇಕಾಗುವುದರಿಂದ ಮಣಿಗಳಿಗೆ ಅವಕಾಶವಿಲ್ಲ. ವಿಕ್ಟೋರಿಯಾ ರಾಣಿಯ ೧೮೪೦ರ ವಿವಾಹದ ಉಡುಪಿಗೆ ಹಾನಿಟನ್ ಲೇಸನ್ನು ಬಳಸಲಾಗಿತ್ತು.

ಯುರೋಪ್ ಖಂಡ: ಬೆಲ್ಜಿಯಂ ಮುಂತಾದೆಡೆ ತಳಭಾಗ ಉಬ್ಬಿದ, ಮಣಿಯಿಲ್ಲದ ಬಾಬಿನ್‌ಗಳು ರೂಢಿಯಲ್ಲಿವೆ. ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಪ್ರದೇಶದಲ್ಲಿ ದಾರ ಕೊಳೆಯಾಗದಂತೆ ಮರದ ಕೊಳವೆಯ ಹೊದಿಕೆಯಿರುವ ಬಾಬಿನ್‌ಗಳನ್ನು ಬಳಸುತ್ತಾರೆ.

ಭಾರತಕ್ಕೂ ಈ ಕಲೆಯ ನಂಟಿದೆ. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಮಿಷನರಿ ಮಾರ್ಥಾ ಮಾಲ್ಟ್ ಅವರು ಅಂದಿನ ತಿರುವಾಂಕೂರು ಸಂಸ್ಥಾನದ ನಾಗರಕೋಯಿಲ್‌ನಲ್ಲಿ ಹುಡುಗಿಯರಿಗೆ ಲೇಸ್ ಹೆಣಿಗೆಯನ್ನು ಕಲಿಸಲು ಆರಂಭಿಸಿದರು. ಆದರೆ ಆಂಧ್ರದ ನರಸಾಪುರದ ಪ್ರಸಿದ್ಧ ಲೇಸ್ ಕ್ರೋಶಾ ಕಡ್ಡಿಯಿಂದ ಹೆಣೆದದ್ದು. ಅದಕ್ಕೆ ಬಾಬಿನ್‌ಗಳು ಬೇಕಿಲ್ಲ.

ಕಾಲನಿರ್ಣಯದ ಆಧಾರಗಳು

ವಸ್ತು: ಮೂಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಕಪ್ಪು ಚುಕ್ಕೆಗಳು ಮತ್ತು ಕಿರುಗೆರೆಗಳು ಕಾಣುತ್ತವೆ. ಇವು ಮೂಳೆಯೊಳಗಿನ ರಕ್ತನಾಳಗಳು ಹಾದುಹೋದ ಜಾಡುಗಳು. ಆನೆದಂತದಲ್ಲಿ ಇವು ಇರುವುದಿಲ್ಲ. ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗುಗೆರೆಗಳು ಕಾಣಬಹುದು. ಪ್ಲಾಸ್ಟಿಕ್‌ನಲ್ಲಿ ಎರಡೂ ಇಲ್ಲ. ಅಚ್ಚಿನ ಸೀಳುಗೆರೆ ಉಳಿದಿರುವ ಸಾಧ್ಯತೆಯುಂಟು. ಕಾದ ಸೂಜಿಯಿಂದ ಚುಚ್ಚಿ ಪರೀಕ್ಷಿಸುವ ಕ್ರಮವು ವಸ್ತುವಿಗೆ ಶಾಶ್ವತ ಹಾನಿ ಮಾಡುವುದರಿಂದ ಸೂಕ್ತವಲ್ಲ.

ಸವೆತ: ಇದು ಹೆಚ್ಚು ನಂಬಬಹುದಾದ ಸಾಕ್ಷ್ಯ. ದಶಕಗಳ ಕಾಲ ಬಳಸಿದ ಬಾಬಿನ್‌ನಲ್ಲಿ ಬೆರಳು ತಾಗುವ ಭಾಗಗಳು ನುಣುಪಾಗಿರುತ್ತವೆ, ಕಡೆತದ ಏಣುಗಳು ಮೊಂಡಾಗಿರುತ್ತವೆ, ದಾರ ಎಳೆದಾಡಿದ ಕತ್ತಿನ ಭಾಗದಲ್ಲಿ ಸೂಕ್ಷ್ಮ ಗೀರುಗಳಿರುತ್ತವೆ. ತಂತಿಯ ರಂಧ್ರವು ತಂತಿ ಜೋತುಬೀಳುವ ಕಡೆಗೆ ಮಾತ್ರ ಸವೆದು ಉದ್ದವಾಗಿರಬಹುದು. ಸವೆತವು ಬಳಕೆಗೆ ತಕ್ಕಂತೆ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ ಇರಬೇಕು. ಚಹಾ ಮುಂತಾದ ದ್ರಾವಣಗಳಲ್ಲಿ ಅದ್ದಿ ಹಳೆಯದಾಗಿಸಿದ ಮೂಳೆಯಲ್ಲಿ ಬಣ್ಣವು ಎಲ್ಲೆಡೆ ಒಂದೇ ಸಮನಾಗಿ ಹರಡಿ, ಸಂದುಗಳಲ್ಲಿ ಗಾಢವಾಗಿ ನಿಂತಿರುತ್ತದೆ.

ಲೋಹದ ಅಲಂಕಾರ: ಮಿಡ್‌ಲ್ಯಾಂಡ್ಸ್ ಬಾಬಿನ್‌ಗಳಲ್ಲಿ ತವರದ ಮಿಶ್ರಲೋಹವಾದ ಪ್ಯೂಟರಿನ ಕೆತ್ತನೆ ಸಾಮಾನ್ಯ. ಪಟ್ಟಿಗಳಿರುವುದಕ್ಕೆ ಹುಲಿ, ಚುಕ್ಕೆಗಳಿರುವುದಕ್ಕೆ ಚಿರತೆ, ರೆಕ್ಕೆಯಾಕಾರವಿರುವುದಕ್ಕೆ ಚಿಟ್ಟೆ ಎಂಬ ಅರ್ಥದ ಹೆಸರುಗಳಿವೆ. ಹಳೆಯ ಪ್ಯೂಟರ್ ಕಾಲಕ್ರಮೇಣ ಮಂಕಾಗಿ, ಪುಡಿಯಾಗಿ ಉದುರುತ್ತದೆ. ಲೋಹ ಬಿದ್ದುಹೋದ ಖಾಲಿ ಗುಳಿಗಳು ಬೆಲೆಯನ್ನು ತಗ್ಗಿಸಿದರೂ ಪ್ರಾಚೀನತೆಗೆ ಪೂರಕ ಸಾಕ್ಷ್ಯವಾಗುತ್ತವೆ.

ಮಣಿಗಳು: ಸಾಂಪ್ರದಾಯಿಕ ಬಳೆಯಲ್ಲಿ ಹೆಚ್ಚಾಗಿ ಏಳರಿಂದ ಒಂಬತ್ತು ಮಣಿಗಳಿರುತ್ತವೆ. ಬಿಸಿಯಾದ ಗಾಜನ್ನು ಅರದಿಂದ ಒತ್ತಿ ಚೌಕವಾಗಿಸಿದ ಮಣಿಗಳು ಈ ಪ್ರದೇಶದ ವೈಶಿಷ್ಟ್ಯ. ಅವುಗಳ ಮೈಮೇಲೆ ಅರದ ಹಲ್ಲುಗಳ ಗುರುತು ಕಾಣುತ್ತದೆ. ಆದರೆ ತಂತಿ ತುಂಡಾದಾಗಲೆಲ್ಲ ಮಣಿಗಳನ್ನು ಮತ್ತೆ ಪೋಣಿಸಲಾಗುತ್ತಿತ್ತು. ಆದ್ದರಿಂದ ಹಳೆಯ ಮಣಿಗಳಿದ್ದ ಮಾತ್ರಕ್ಕೆ ಕಡ್ಡಿ ಹಳೆಯದೆನ್ನಲಾಗದು, ಹೊಸ ಮಣಿಗಳಿದ್ದ ಮಾತ್ರಕ್ಕೆ ಹೊಸದೆನ್ನಲೂ ಆಗದು. ಬಳೆಯಲ್ಲಿ ಪೋಣಿಸಿದ ನಾಣ್ಯವು ಆ ಬಳೆ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಹೇಳುತ್ತದೆ.

ಬರೆಹವಿರುವ ಬಾಬಿನ್‌ಗಳು

ಸಾಲುಚುಕ್ಕೆಗಳನ್ನು ಕೊರೆದು, ಅವುಗಳಿಗೆ ಕೆಂಪು, ನೀಲಿ ಅಥವಾ ಕಪ್ಪು ಬಣ್ಣ ತುಂಬಿ ಅಕ್ಷರಗಳನ್ನು ಮೂಡಿಸುವುದು ಮಿಡ್‌ಲ್ಯಾಂಡ್ಸ್ ಪದ್ಧತಿ. ವ್ಯಕ್ತಿಗಳ ಹೆಸರು, ಪ್ರೇಮದ ಮಾತು, ಜನನ ಮರಣಗಳ ದಿನಾಂಕ, ಧಾರ್ಮಿಕ ವಾಕ್ಯ ಇವು ಸಾಮಾನ್ಯ ವಿಷಯಗಳು. ತಯಾರಕರು ತಮ್ಮ ಹೆಸರನ್ನು ನಮೂದಿಸುತ್ತಿರಲಿಲ್ಲ. ಡೀನ್ಸ್‌ಹ್ಯಾಂಗರ್‌ನ ಕಾಂಪ್ಟನ್ ಕುಟುಂಬ, ಕ್ರಾನ್‌ಫೀಲ್ಡಿನ ವಿಲಿಯಂ ಬ್ರೌನ್, ಬೆಡ್‌ಫರ್ಡಿನ ಹ್ಯಾಸ್ಕಿನ್ಸ್ ಕುಟುಂಬ ಮೊದಲಾದವರ ಕೆಲಸವನ್ನು ಅಕ್ಷರಗಳ ರೀತಿ ಮತ್ತು ಕಡೆತದ ಶೈಲಿಯಿಂದ ಗುರುತಿಸಲಾಗುತ್ತದೆ. ಕ್ರಿಸ್ಟೀನ್ ಮತ್ತು ಡೇವಿಡ್ ಸ್ಪ್ರಿಂಗೆಟ್ ಅವರ ‘ಸಕ್ಸೆಸ್ ಟು ದಿ ಲೇಸ್ ಪಿಲ್ಲೋ’ (೧೯೯೭) ಈ ವರ್ಗೀಕರಣಕ್ಕೆ ಮೀಸಲಾದ ಗ್ರಂಥ.

ಸಾರ್ವಜನಿಕ ಗಲ್ಲುಶಿಕ್ಷೆಗಳ ನೆನಪಿಗೆ ಮಾಡಿಸಿದ ಬಾಬಿನ್‌ಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಬೇಡಿಕೆಯಿದೆ. ಬೆಡ್‌ಫರ್ಡಿನಲ್ಲಿ ೧೮೪೩ರಲ್ಲಿ ಗಲ್ಲಿಗೇರಿದ ಸಾರಾ ಡೇಜ್ಲಿ, ೧೮೬೦ರಲ್ಲಿ ಗಲ್ಲಿಗೇರಿದ ಜೋಸೆಫ್ ಕ್ಯಾಸಲ್, ೧೮೬೮ರಲ್ಲಿ ಅಲ್ಲಿನ ಕೊನೆಯ ಸಾರ್ವಜನಿಕ ಗಲ್ಲಿಗೆ ಗುರಿಯಾದ ವಿಲಿಯಂ ವರ್ಸ್ಲಿ ಇವರ ಹೆಸರುಗಳು ಇಂತಹ ಬಾಬಿನ್‌ಗಳಲ್ಲಿ ದೊರೆತಿವೆ. ಬೆಲೆ ಹೆಚ್ಚಾಗಿರುವುದರಿಂದ ನಕಲಿಗೂ ಇವೇ ಹೆಚ್ಚು ಆಕರ್ಷಕ. ಸವೆದ ಕಡ್ಡಿಯ ಮೇಲೆ ಅಂಚು ಹರಿತವಾದ ಚುಕ್ಕೆಗಳು, ಮಾಸದ ಬಣ್ಣ, ಯಂತ್ರದಿಂದ ಕೊರೆದಂತೆ ಒಂದೇ ಅಳತೆಯ ಗುಳಿಗಳು ಕಂಡರೆ ಬರೆಹವು ಅನಂತರ ಸೇರಿದ್ದೆಂದು ಶಂಕಿಸಬೇಕು.

ಈ ಪ್ರಶ್ನೆ ಹಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಲೇಸ್ ಹೆಣೆಯುತ್ತಿದ್ದವರಲ್ಲಿ ಬಹುಪಾಲು ಜನ ಬಡ ಹೆಂಗಸರು ಮತ್ತು ಲೇಸ್ ಶಾಲೆಗಳಲ್ಲಿ ಐದಾರು ವರ್ಷ ವಯಸ್ಸಿನಿಂದಲೇ ದುಡಿಯುತ್ತಿದ್ದ ಮಕ್ಕಳು. ಅವರು ಬರೆದಿಟ್ಟ ಪತ್ರಗಳಾಗಲಿ ದಿನಚರಿಗಳಾಗಲಿ ಅತಿ ವಿರಳ. ಬಾಬಿನ್ ಮೇಲಿನ ಒಂದು ಹೆಸರು ಅವರ ಖಾಸಗಿ ಬದುಕಿನ ಅಪರೂಪದ ದಾಖಲೆ. ಸುಳ್ಳು ಬರೆಹ ಕೊರೆದಾಗ ಅಥವಾ ಒಂದೇ ದಿಂಬಿನಲ್ಲಿದ್ದ ಬಾಬಿನ್‌ಗಳನ್ನು ಬಿಡಿಬಿಡಿಯಾಗಿ ಮಾರಿದಾಗ ಆ ದಾಖಲೆ ಕೆಡುತ್ತದೆ.

ಮಾರಾಟದಲ್ಲಿ ಕಾಣುವ ತಪ್ಪು ವಿವರಣೆಗಳು

• ಬಟ್ಟೆ ಗಿರಣಿಗಳ ದೊಡ್ಡ ಮರದ ನೂಲುಂಡೆಗಳನ್ನೂ ಲೀವರ್ಸ್ ಯಂತ್ರದ ತೆಳುವಾದ ಹಿತ್ತಾಳೆ ಬಿಲ್ಲೆಗಳನ್ನೂ ‘ಲೇಸ್ ಬಾಬಿನ್’ ಎಂದು ವರ್ಣಿಸುವುದುಂಟು. ಎರಡನೆಯವು ಲೇಸಿನ ಇತಿಹಾಸಕ್ಕೆ ಸೇರಿದ್ದರೂ ಕೈಲೇಸಿನ ಸಾಧನಗಳಲ್ಲ.

• ನೀರು ತುಂಬಿ ಮೇಣದ ಬತ್ತಿಯ ಬೆಳಕನ್ನು ಕೇಂದ್ರೀಕರಿಸುವ ಗಾಜಿನ ಗೋಳಗಳನ್ನು ಲೇಸ್ ಕೆಲಸಗಾರರ ದೀಪಗಳೆಂದು ಮಾರಲಾಗುತ್ತದೆ. ಇಂತಹ ಗೋಳಗಳನ್ನು ಚಮ್ಮಾರರೂ ಲೋಹದ ಕೆತ್ತನೆಗಾರರೂ ಬಳಸುತ್ತಿದ್ದರು.

• ಮೂಳೆಯ ಬಾಬಿನ್‌ಗಳನ್ನು ದಂತದವು ಎಂದು ಹೇಳುವುದು ಸಾಮಾನ್ಯ ತಪ್ಪು. ಇದು ಕಾನೂನಿನ ತೊಡಕಿಗೂ ದಾರಿ. ಬ್ರಿಟನ್ನಿನಲ್ಲಿ ೨೦೧೮ರ ದಂತ ಕಾಯ್ದೆಯು ಕೆಲವೇ ವಿನಾಯಿತಿಗಳನ್ನು ಬಿಟ್ಟು ಆನೆದಂತದ ವ್ಯವಹಾರವನ್ನು ನಿಷೇಧಿಸಿದೆ. ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಅಡಿಯಲ್ಲಿ ದಂತದ ವ್ಯಾಪಾರ ನಿಷಿದ್ಧ.

ಮೌಲ್ಯವನ್ನು ನಿರ್ಧರಿಸುವ ಅಂಶಗಳು

ಸಾಮಾನ್ಯವಾಗಿ ಸಾದಾ ಮರದ ಬಾಬಿನ್‌ಗಳ ಬೆಲೆ ಕಡಿಮೆ. ಸಾದಾ ಮೂಳೆಯವು, ಪ್ಯೂಟರ್ ಅಥವಾ ತಂತಿಯ ಅಲಂಕಾರವಿರುವವು, ಹೆಸರಿರುವವು, ಹೆಸರಿನೊಂದಿಗೆ ದಿನಾಂಕವಿರುವವು ಕ್ರಮವಾಗಿ ಹೆಚ್ಚು ಬೆಲೆ ಪಡೆಯುತ್ತವೆ. ಒಡಲಿನ ಕಿಂಡಿಯೊಳಗೆ ಪುಟ್ಟ ಬಾಬಿನ್ ಇರುವಂತಹ ವಿಶೇಷ ರಚನೆಗಳು ಮತ್ತು ಗಲ್ಲುಶಿಕ್ಷೆಯ ಬಾಬಿನ್‌ಗಳು ಮೇಲಿನ ಸ್ತರದಲ್ಲಿ ನಿಲ್ಲುತ್ತವೆ. ಬಿರುಕು, ಮುರಿದ ತಲೆ, ಅಳಿಸಿದ ಅಕ್ಷರ, ಉದುರಿದ ಲೋಹ ಇವು ಬೆಲೆಯನ್ನು ತಗ್ಗಿಸುತ್ತವೆ.

ಮಾರಾಟಗಾರರು ಕೇಳುವ ಬೆಲೆಯು ಮಾರುಕಟ್ಟೆಯ ಬೆಲೆಯಲ್ಲ. ಹರಾಜು ತಾಣಗಳಲ್ಲಿ ಮಾರಾಟ ಮುಗಿದ ವಸ್ತುಗಳ ಪಟ್ಟಿಯನ್ನು ನೋಡಿ, ಅದೇ ವರ್ಗದ ಹಲವು ಬಾಬಿನ್‌ಗಳು ನಿಜವಾಗಿ ಎಷ್ಟಕ್ಕೆ ಹೋದವು ಎಂಬುದನ್ನು ಹೋಲಿಸಬೇಕು. ಅಂಚೆ ವೆಚ್ಚ ಮತ್ತು ಆಮದು ಸುಂಕಗಳೂ ಲೆಕ್ಕಕ್ಕೆ ಸೇರುತ್ತವೆ.

ಛಾಯಾಚಿತ್ರದಿಂದ ಪರಿಶೀಲನೆ

ಅಂತರಜಾಲದಲ್ಲಿ ಕೊಳ್ಳುವವರಿಗೆ ವಸ್ತುವನ್ನು ಮುಟ್ಟಿ ನೋಡುವ ಅವಕಾಶವಿರುವುದಿಲ್ಲ. ಆದ್ದರಿಂದ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಚಿತ್ರ, ಬಾಬಿನ್ ಅನ್ನು ಸುತ್ತಲೂ ತಿರುಗಿಸಿ ತೆಗೆದ ಚಿತ್ರಗಳು, ಹಾಗೂ ಕತ್ತು, ತಂತಿಯ ರಂಧ್ರ ಮತ್ತು ಅಕ್ಷರಗಳ ಸಮೀಪಚಿತ್ರಗಳನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು. ವಸ್ತು ಯಾರ ಬಳಿಯಿಂದ ಬಂತು, ಯಾವ ದಿಂಬಿನೊಂದಿಗಿತ್ತು, ಹಿಂದಿರುಗಿಸಲು ಅವಕಾಶವಿದೆಯೇ ಎಂಬುದನ್ನೂ ವಿಚಾರಿಸಬೇಕು. ಮಣಿಗಳ ಬಳೆಯಲ್ಲಿ ನೈಲಾನ್ ದಾರ ಅಥವಾ ಪ್ಲಾಸ್ಟಿಕ್ ಮಣಿಗಳಿದ್ದರೆ ಆ ಬಳೆಯಂತೂ ಇತ್ತೀಚಿನದು. ಕಡ್ಡಿಯ ಕಾಲವನ್ನು ಬೇರೆಯಾಗಿ ತೀರ್ಮಾನಿಸಬೇಕು. ಬೆಡ್‌ಫರ್ಡಿನ ಹಿಗ್ಗಿನ್ಸ್ ವಸ್ತುಸಂಗ್ರಹಾಲಯದಲ್ಲಿ ಈ ಪ್ರದೇಶದ ಲೇಸಿನ ಮಹತ್ವದ ಸಂಗ್ರಹವಿದೆ. ಕೊಂಡ ನಂತರ ಹಳೆಯ ತಂತಿ ಮತ್ತು ಮಣಿಗಳನ್ನು ಬದಲಿಸುವ ಮೊದಲು ಇದ್ದ ಸ್ಥಿತಿಯ ಚಿತ್ರ ತೆಗೆದು, ಎಲ್ಲಿಂದ ಯಾವಾಗ ಬಂತೆಂಬ ವಿವರವನ್ನು ವಸ್ತುವಿನ ಜೊತೆಯಲ್ಲೇ ಬರೆದಿಡುವುದು ಸಂಗ್ರಾಹಕರಲ್ಲಿ ಒಳ್ಳೆಯ ಪದ್ಧತಿಯೆನಿಸಿದೆ.