ಟ್ರಂಕಿನೊಳಗಿನ ಸರ್ಟಿಫಿಕೇಟು

ನಮ್ಮ ಕಡೆ ಹುಡುಗಿಯರ ಆಟಕ್ಕೊಂದು ವಯಸ್ಸಿದೆ. ಎಂಟನೇ ತರಗತಿಯಲ್ಲಿ ಶುರುವಾಗಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮುಗಿಯುತ್ತದೆ.

ರೋಣ, ನರಗುಂದ, ಗಜೇಂದ್ರಗಡ ಸುತ್ತಲಿನ ಯಾವ ಹೈಸ್ಕೂಲಿಗಾದರೂ ಕ್ರೀಡಾಕೂಟದ ದಿನಗಳಲ್ಲಿ ಹೋಗಿ ನೋಡಿ. ಸುಣ್ಣದ ಗೆರೆ ಎಳೆದು, ಕೊಕ್ಕೊ ಕಂಬ ನೆಟ್ಟು, ಕತ್ತಲಾಗುವವರೆಗೆ ಹುಡುಗಿಯರು ಓಡುತ್ತಿರುತ್ತಾರೆ. ವಲಯ ಮಟ್ಟದಲ್ಲಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಗದಗ, ಅಲ್ಲಿಂದ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ. ಒಂದೇ ಕ್ರೂಸರಿನಲ್ಲಿ ಇಡೀ ಟೀಮು, ಪಿಇ ಸರ್, ರೊಟ್ಟಿ ಬುತ್ತಿ ಎಲ್ಲ ಹಿಡಿಸುತ್ತವೆ.

ಹತ್ತನೆಯದು ಮುಗಿದದ್ದೇ ತಡ, ಮನೆಯಲ್ಲಿ ರಾಗ ಬದಲಾಗುತ್ತದೆ. ‘ಆಡಿದ್ದು ಸಾಕವಾ, ಇನ್ನ ಓದಿನ ಕಡೆ ಲಕ್ಷ್ಯ ಕೊಡು’. ಪಿಯು ಸೈನ್ಸು, ಬೆಳಿಗ್ಗೆಯ ಬಸ್ಸು, ಸಂಜೆಯ ಟ್ಯೂಷನ್ನು. ನಮ್ಮ ಬ್ಯಾಚಿನ ಕೊಕ್ಕೊ ತಂಡದಲ್ಲಿ ಹನ್ನೆರಡು ಜನ ಇದ್ದೆವು. ಪಿಯುಗೆ ಬಂದ ಮೇಲೂ ಅಂಗಳಕ್ಕೆ ಇಳಿದವರು ಇಬ್ಬರೇ. ಉಳಿದವರ ಸರ್ಟಿಫಿಕೇಟುಗಳು ಲ್ಯಾಮಿನೇಷನ್ ಆಗಿ ಟ್ರಂಕು ಸೇರಿದವು.

ಇದೇ ಹತ್ತನೇ ತರಗತಿಗೆ ಅಮೆರಿಕದಲ್ಲಿ ಬೇರೆಯೇ ಅರ್ಥವಿದೆ. ಅಲ್ಲಿ ಹುಡುಗಿಯರ ಫುಟ್‌ಬಾಲ್ ಕ್ಲಬ್ಬುಗಳು ಕಾಲೇಜು ಸೀಟಿನ ಮೆಟ್ಟಿಲಿದ್ದ ಹಾಗೆ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ಕೂಡದೆಂಬ ‘ಟೈಟಲ್ 9’ ಕಾನೂನು 1972ರಲ್ಲಿ ಬಂತು. ಹುಡುಗರಂತೆ ಹುಡುಗಿಯರಿಗೂ ಕಾಲೇಜುಗಳು ತಂಡ ಕಟ್ಟಬೇಕಾಯಿತು, ಸ್ಕಾಲರ್‌ಶಿಪ್ ಕೊಡಬೇಕಾಯಿತು. ಕಾಲೇಜು ಹುಡುಗಿಯರ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯನ್ನು ಎನ್‌ಸಿಎಎ 1982ರಲ್ಲಿ ಆರಂಭಿಸಿತು. ಕಾಲೇಜು ಕೋಚ್‌ಗಳೇ ಕ್ಲಬ್ ಟೂರ್ನಿಗಳಿಗೆ ಬಂದು ಆಟ ನೋಡುತ್ತಾರೆ. ಹುಡುಗಿ ಹತ್ತನೇ ತರಗತಿ ಮುಗಿಸಿದ ವರ್ಷದ ಜೂನ್ 15ರಿಂದ ಮೊದಲ ದರ್ಜೆಯ ಕಾಲೇಜುಗಳ ಕೋಚ್‌ಗಳು ಅವಳಿಗೆ ನೇರವಾಗಿ ಫೋನ್ ಮಾಡಬಹುದು. ಅಲ್ಲೂ ಎಲ್ಲವೂ ಚೆಂದವೇನಿಲ್ಲ. ಕ್ಲಬ್ ಫೀಸು, ಪ್ರಯಾಣದ ಖರ್ಚು ಹೊರಲಾರದ ಮನೆಯ ಮಕ್ಕಳು ಹಿಂದೆ ಉಳಿಯುತ್ತಾರೆ. ಆದರೂ ಒಂದು ಮಾತು ನಿಜ: ಅವಳ ಫೋನು ರಿಂಗಾಗುವ ವಯಸ್ಸಿಗೇ ನಮ್ಮ ಹುಡುಗಿಯ ಆಟ ನಿಲ್ಲುತ್ತದೆ.

ನಮ್ಮಲ್ಲಿ ಫುಟ್‌ಬಾಲ್ ಯಾಕಿಲ್ಲ ಎಂದರೆ ನೆಲವನ್ನೇ ಕೇಳಬೇಕು. ಎರೆಮಣ್ಣು ಮಳೆಗಾಲದಲ್ಲಿ ಕಾಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ನೂರು ಮೀಟರ್ ಉದ್ದದ ಸಮತಟ್ಟು ಮೈದಾನ ಎಷ್ಟು ಶಾಲೆಗಳಿಗಿದೆ? ಕೊಕ್ಕೊಗೆ 27 ಮೀಟರ್ ಉದ್ದ, 16 ಮೀಟರ್ ಅಗಲ ಸಾಕು. ಬೂಟು ಬೇಡ, ಚೆಂಡು ಬೇಡ. ಅದನ್ನು ಸಣ್ಣ ಆಟ ಎನ್ನುವವರಿಗೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ನೆನಪಿಸಬೇಕು. ಫೈನಲ್‌ನಲ್ಲಿ ಭಾರತದ ವನಿತೆಯರು ನೇಪಾಳವನ್ನು ಮಣಿಸಿದಾಗ ಪಂದ್ಯದ ಶ್ರೇಷ್ಠ ಆಟಗಾರ್ತಿಯಾದವರು ನಮ್ಮ ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ.

ಹಾಗಾದರೆ ನಮ್ಮ ಆಟಕ್ಕೆ ಕಾಲೇಜಿನ ಬಾಗಿಲು ಇಲ್ಲವೇ? ಇದೆ. ಅದು ಎಲ್ಲಿದೆ ಎಂದು ಸರಿಯಾದ ವಯಸ್ಸಿಗೆ ಯಾರೂ ಹೇಳುವುದಿಲ್ಲ ಅಷ್ಟೆ.

ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ ಕ್ರೀಡಾಪಟುಗಳನ್ನು ‘ದತ್ತು’ ತೆಗೆದುಕೊಂಡು ಊಟ, ವಸತಿ, ಓದು ಉಚಿತವಾಗಿ ಕೊಡುತ್ತದೆ. ಅಮೆರಿಕದ ಪದ್ಧತಿಗೆ ನಮ್ಮ ರಾಜ್ಯದಲ್ಲಿ ತೀರಾ ಹತ್ತಿರದ್ದು ಇದೇ. ಇನ್ನು ಎಂಜಿನಿಯರಿಂಗ್ ಸೇರುವವರಿಗೆ ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಅರ್ಜಿ ತುಂಬುವಾಗಲೇ ಅದನ್ನು ನಮೂದಿಸಬೇಕು, ಆಮೇಲೆ ಮೂಲ ಪ್ರಮಾಣ ಪತ್ರಗಳನ್ನು ಪರಿಶೀಲನೆಗೆ ಒಪ್ಪಿಸಬೇಕು. ಅಂತರರಾಷ್ಟ್ರೀಯ, ರಾಷ್ಟ್ರೀಯ ಮಟ್ಟದಲ್ಲಿ ಆಡಿದವರಿಗೆ ಆದ್ಯತೆ. ತಾಲ್ಲೂಕು, ಜಿಲ್ಲೆಯ ಸರ್ಟಿಫಿಕೇಟು ಎಷ್ಟಿದ್ದರೂ ಅಲ್ಲಿ ನಡೆಯುವುದಿಲ್ಲ. ಐಐಟಿ ಮದ್ರಾಸ್ ಕೂಡ 2024–25ರಿಂದ ಪ್ರತಿ ಪದವಿ ಕೋರ್ಸಿಗೆ ಎರಡು ಹೆಚ್ಚುವರಿ ಕ್ರೀಡಾ ಸೀಟು ಇಟ್ಟಿದೆ. ಅದರಲ್ಲೊಂದು ಹುಡುಗಿಯರಿಗೇ ಮೀಸಲು. ಆದರೆ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಅವರು ಪಟ್ಟಿ ಮಾಡಿದ ಆಟದಲ್ಲಿ ರಾಷ್ಟ್ರಮಟ್ಟದ ಪದಕವೂ ಇರಬೇಕು.

ಕಗ್ಗಂಟು ಇರುವುದು ಎಂಟನೇ ತರಗತಿಯಲ್ಲಿ. ರಾಷ್ಟ್ರಮಟ್ಟಕ್ಕೆ ಏರಬೇಕಾದರೆ ದಿನವೂ ಕೋಚ್ ಬೇಕು, ಒಳ್ಳೆಯ ಊಟ ಬೇಕು. ಅದಕ್ಕೇ ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ. ಆದರೆ ಅವು ಇರುವುದು ಪಟ್ಟಣಗಳಲ್ಲಿ. ಸಿಇಟಿಯ ಶೇ 15ರ ಗ್ರಾಮೀಣ ಮೀಸಲಾತಿ ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಎಂಟಕ್ಕೇ ಹಳ್ಳಿ ಬಿಟ್ಟು ಪಟ್ಟಣದ ಶಾಲೆ ಸೇರಿದ ಹುಡುಗಿಗೆ ಆ ಸೌಲಭ್ಯ ತಪ್ಪುತ್ತದೆ. ಇಂಗ್ಲಿಷ್ ಮಾಧ್ಯಮಕ್ಕೆ ಬದಲಾದರೆ ಶೇ 5ರ ಕನ್ನಡ ಮಾಧ್ಯಮದ ಮೀಸಲಾತಿಯೂ ಹೋಗುತ್ತದೆ. ಊರಲ್ಲೇ ಉಳಿದರೆ ಅವು ಕೈಯಲ್ಲಿರುತ್ತವೆ, ಆದರೆ ಆಟ ಜಿಲ್ಲಾ ಮಟ್ಟಕ್ಕೇ ನಿಲ್ಲುವ ಸಾಧ್ಯತೆ ಹೆಚ್ಚು. ಹದಿಮೂರು ವರ್ಷದ ಹುಡುಗಿ, ಹತ್ತಿ ಹೊಲದಲ್ಲಿ ದುಡಿಯುವ ಅವಳ ಅಪ್ಪ–ಅವ್ವ ಇಷ್ಟೆಲ್ಲ ಲೆಕ್ಕ ಹಾಕಬೇಕು. ಇಂಥದೊಂದು ಲೆಕ್ಕ ಇದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ.

ನಮ್ಮ ಓಣಿಯ ಹುಡುಗಿಯೊಬ್ಬಳು ಈ ಸಲ ಒಂಬತ್ತನೇ ತರಗತಿಯಲ್ಲಿದ್ದುಕೊಂಡೇ ರಾಜ್ಯ ಮಟ್ಟದಲ್ಲಿ ಆಡಿ ಬಂದಳು. ರಜೆಗೆ ಹೋದಾಗ ಅವಳಪ್ಪ ಸರ್ಟಿಫಿಕೇಟು ತಂದು ಕೇಳಿದರು: ‘ಇದರಿಂದ ಸೀಟು ಸಿಗತೈತೇನವಾ?’ ಇದೊಂದರಿಂದ ಸಿಗುವುದಿಲ್ಲ ಎಂದೇ ಹೇಳಿದೆ. ಜೊತೆಗೆ ಇನ್ನೂ ಎರಡು ಮಾತು ಹೇಳಿದೆ. ಹತ್ತನೆಯದನ್ನೂ ಊರಲ್ಲೇ ಮುಗಿಸಿದರೆ ಗ್ರಾಮೀಣ, ಕನ್ನಡ ಮಾಧ್ಯಮದ ಸೌಲಭ್ಯ ಉಳಿಯುತ್ತದೆ, ಆಟ ಆಡಿದ್ದಕ್ಕೆ ಅದೇನೂ ಹೋಗುವುದಿಲ್ಲ. ಪಿಯು ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ ದಾಟಿದರೆ ನೇರ ರಾಜ್ಯ ಮಟ್ಟ, ಅಲ್ಲಿ ಮಿಂಚಿದರೆ ರಾಷ್ಟ್ರಮಟ್ಟದ ದಾರಿ ಇದೆ. ಆದ್ದರಿಂದ ಅವಳನ್ನು ಕಳಿಸುವ ಪಿಯು ಕಾಲೇಜಿನಲ್ಲಿ ಪಿಸಿಎಂಬಿ ಇದೆಯೇ ಎಂದು ಕೇಳುವಾಗ ಅಂಗಳ ಇದೆಯೇ, ಹುಡುಗಿಯರ ಟೀಮು ಇದೆಯೇ ಎಂದೂ ಕೇಳಿ ಎಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಜೂನ್‌ನಲ್ಲಿ ಗೊತ್ತಾಗುವುದಿಲ್ಲ, ಅದಕ್ಕಿನ್ನೂ ಒಂದು ವರ್ಷ ಇದೆ.

ಎಂಜಿನಿಯರಿಂಗ್ ಸೀಟೊಂದೇ ಗುರಿಯಲ್ಲ ಎನ್ನುವವರಿಗೂ ಆಟ ಕೈಬಿಡುವುದಿಲ್ಲ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆ ಕ್ರೀಡಾ ಕೋಟಾದಡಿ ನೇಮಕ ಮಾಡಿಕೊಳ್ಳುತ್ತದೆ, ಪೊಲೀಸ್ ಇಲಾಖೆಯಲ್ಲೂ ಕ್ರೀಡಾಪಟುಗಳಿಗೆ ಮೀಸಲಾತಿ ಇದೆ. ಕೆಲಸ ಹುಡುಕುತ್ತಿರುವ ಅಕ್ಕಂದಿರೇ, ಹಳೆಯ ಟ್ರಂಕು ಒಮ್ಮೆ ತೆರೆದು ನೋಡಿ. ಅಧಿಸೂಚನೆಯಲ್ಲಿ ಯಾವ ಮಟ್ಟ, ಯಾವ ವರ್ಷಗಳ ಆಟ ಕೇಳಿದ್ದಾರೆ ಎಂಬುದನ್ನು ಮೊದಲು ಓದಿಕೊಳ್ಳಿ.

ಕಾಲೇಜು ಸೇರಿರುವ ನಮ್ಮಂಥವರಿಂದ ಆಗುವ ಕೆಲಸ ಒಂದಿದೆ. ದೀಪಾವಳಿಗೆ ಊರಿಗೆ ಹೋದಾಗ ಕಲಿತ ಹೈಸ್ಕೂಲಿಗೆ ಹೋಗಿ, ಪಿಇ ಸರ್ ಅನುಮತಿ ಕೇಳಿ, ಏಳು–ಎಂಟನೇ ತರಗತಿಯ ಹುಡುಗಿಯರ ಎದುರು ಅರ್ಧ ಗಂಟೆ ಮಾತಾಡೋಣ. ಸಾಧ್ಯವಾದರೆ ಅವರ ಅಪ್ಪ–ಅವ್ವಂದಿರನ್ನೂ ಕರೆಸೋಣ. ಕೋಟಾ, ಹಾಸ್ಟೆಲ್ಲು, ಗ್ರಾಮೀಣ ಮೀಸಲಾತಿ ಮೂರನ್ನೂ ಬೋರ್ಡಿನ ಮೇಲೆ ಬರೆದು ತೋರಿಸೋಣ. ಆಮೇಲೆ ಆಡುವುದೋ ಬಿಡುವುದೋ, ತಿಳಿದು ತೀರ್ಮಾನಿಸಲಿ.