ಬಳಸುವವರನ್ನು ಕೇಳಿ ತಯಾರಿಸುವ ವಸ್ತು

ಮೊಂತಿ ಹಬ್ಬಕ್ಕೋ ಕ್ರಿಸ್ಮಸ್‌ಗೋ ಬೆಂಗಳೂರಿನಿಂದ ಊರಿಗೆ ಬರುವ ನಮ್ಮ ಯುವಜನರನ್ನು "ನಿನಗೆ ಅಲ್ಲಿ ಏನು ಕೆಲಸ?" ಎಂದು ಹಿರಿಯರು ಕೇಳುವುದು ವಾಡಿಕೆ. ಬ್ಯಾಂಕು, ಶಾಲೆ, ಆಸ್ಪತ್ರೆ ಎಂದರೆ ಮನೆಯ ಅಜ್ಜಿಗೂ ಅರ್ಥವಾಗುತ್ತದೆ. "ಪ್ರಾಡಕ್ಟ್ ಡೆವಲಪ್‌ಮೆಂಟ್" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಗಿರಿನಗರ, ಬನಶಂಕರಿ, ಜಯನಗರ, ಜೆ.ಪಿ. ನಗರಗಳಲ್ಲಿ ಬಾಡಿಗೆ ಮನೆ ಮಾಡಿಕೊಂಡು ನಮ್ಮ ಕರಾವಳಿಯ ಅನೇಕ ಮಕ್ಕಳು ಇಂದು ಮಾಡುತ್ತಿರುವುದು ಇದೇ ಕೆಲಸ. ಹೊಸ ವಸ್ತುವೊಂದನ್ನು ರೂಪಿಸುವುದು, ಬಳಸುವವರ ಅಭಿಪ್ರಾಯ ಪಡೆಯುವುದು, ಅದನ್ನು ತಿದ್ದುವುದು, ಮತ್ತೆ ಕೇಳುವುದು.

ಇದು ಕಂಪೆನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯ ಎಂದು ನಾವು ಭಾವಿಸಬೇಕಾಗಿಲ್ಲ. ನಮ್ಮ ಸ್ವಸಹಾಯ ಸಂಘಗಳು ಉಪ್ಪಿನಕಾಯಿ, ಹಪ್ಪಳ, ಮೇಣದ ಬತ್ತಿ ತಯಾರಿಸಿ ಮಾರುತ್ತವೆ. ಬಡ ಕುಟುಂಬಗಳಿಗೆ ಹೊಲಿಗೆ ಯಂತ್ರ, ದೀಪ, ಒಲೆಗಳನ್ನು ನಾವು ಹಂಚುತ್ತೇವೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಯಂತ್ರವೊಂದು ಒಂದೆರಡು ವರ್ಷಗಳಲ್ಲೇ ಮೂಲೆ ಸೇರಿ ಧೂಳು ತಿನ್ನುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಯಂತ್ರದಲ್ಲಿ ದೋಷವಿರಲಿಲ್ಲ, ಕೊಟ್ಟವರಲ್ಲಿಯೂ ದೋಷವಿರಲಿಲ್ಲ. ಪಡೆಯುವವರನ್ನು ಯಾರೂ ಮೊದಲೇ ಕೇಳಿರಲಿಲ್ಲ, ಅಷ್ಟೆ.

ಅಂದಿನ ಕ್ರಮ, ಇಂದಿನ ಕ್ರಮ

ಹಿಂದೆ ಊರಿನ ಕಮ್ಮಾರ ಕತ್ತಿ ಮಾಡುವಾಗ ಅದು ಹುಲ್ಲು ಕೊಯ್ಯಲೋ, ತೆಂಗಿನಕಾಯಿ ಇಳಿಸಲೋ ಎಂದು ಕೇಳುತ್ತಿದ್ದ. ಹಿಡಿಯುವ ಕೈ ನೋಡಿ ಹಿಡಿ ಕೂರಿಸುತ್ತಿದ್ದ. ಕತ್ತಿ ಸರಿಯಿಲ್ಲದಿದ್ದರೆ ಮರುದಿನವೇ ಅದು ಅವನ ಕುಲುಮೆಗೆ ವಾಪಸಾಗುತ್ತಿತ್ತು. ಗ್ರಾಹಕರ ಅಭಿಪ್ರಾಯ ಎಂದು ಇಂದು ದೊಡ್ಡದಾಗಿ ಹೇಳುವ ಸಂಗತಿ ಆಗ ದಿನನಿತ್ಯದ ವ್ಯವಹಾರವಾಗಿತ್ತು.

ಕಾರ್ಖಾನೆಗಳು ಬಂದ ಮೇಲೆ ತಯಾರಿಸುವವರು ಒಂದು ಊರಿನಲ್ಲಿ, ಬಳಸುವವರು ಇನ್ನೊಂದು ಊರಿನಲ್ಲಿ ಎಂದಾಯಿತು. ಸಾವಿರಾರು ವಸ್ತುಗಳನ್ನು ಒಂದೇ ಅಚ್ಚಿನಲ್ಲಿ ತಯಾರಿಸಿ ಅಂಗಡಿಗೆ ಕಳುಹಿಸಿ, ಮಾರಾಟವಾದರೆ ಗೆಲುವು, ಆಗದಿದ್ದರೆ ನಷ್ಟ ಎಂಬ ಪರಿಸ್ಥಿತಿ ಬಂತು. ಕಡಿದುಹೋದ ಈ ಸಂಬಂಧವನ್ನು ಮತ್ತೆ ಜೋಡಿಸುವ ಪ್ರಯತ್ನವೇ ಇಂದಿನ ಹೊಸ ಕ್ರಮ. ಇದರಲ್ಲಿ ಮೊದಲು ಜನರ ಕಷ್ಟವನ್ನು ಅರಿಯುತ್ತಾರೆ. ಕಡಿಮೆ ಖರ್ಚಿನಲ್ಲಿ ಒಂದು ಮಾದರಿ ತಯಾರಿಸಿ ಕೆಲವೇ ಮಂದಿಯ ಕೈಗೆ ಕೊಡುತ್ತಾರೆ. ಅವರು ಅದನ್ನು ಹೇಗೆ ಬಳಸಿದರು ಎಂಬುದನ್ನು ಗಮನಿಸಿ, ದಾಖಲಿಸಿ, ತಪ್ಪುಗಳನ್ನು ತಿದ್ದಿ, ಆಮೇಲೆ ಹೆಚ್ಚು ಮಂದಿಗೆ ತಲುಪಿಸುತ್ತಾರೆ. ಒಂದು ಸುತ್ತು ಮುಗಿದ ಕೂಡಲೇ ಇನ್ನೊಂದು ಆರಂಭವಾಗುತ್ತದೆ.

ಜೆ.ಪಿ. ನಗರದ ಒಂದು ಉದಾಹರಣೆ

ಈ ಕ್ರಮವನ್ನು ಬಡವರ ಮನೆಯ ದೀಪಕ್ಕೆ ಅನ್ವಯಿಸಿದ ಸಂಸ್ಥೆಯೊಂದು ಗಿರಿನಗರದಿಂದ ಕೆಲವೇ ಕಿಲೋಮೀಟರ್ ದೂರದ ಜೆ.ಪಿ. ನಗರದಲ್ಲಿ ಬೆಳೆದಿದೆ. ಅದು ಸೆಲ್ಕೊ. ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಅವರೊಂದಿಗೆ 1995ರಲ್ಲಿ ಇದನ್ನು ಸ್ಥಾಪಿಸಿದರು. ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ್ದ ಹಂದೆಯವರಿಗೆ 2011ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಸೌರ ದೀಪ ಆಗ ಹೊಸದೇನೂ ಆಗಿರಲಿಲ್ಲ. ಬಡವರಿಗೆ ಇದನ್ನು ಕೊಳ್ಳಲು ಆಗದು, ಕೊಂಡರೂ ನೋಡಿಕೊಳ್ಳಲು ತಿಳಿಯದು ಎಂಬ ಅಭಿಪ್ರಾಯ ಗಟ್ಟಿಯಾಗಿತ್ತು. ಸೆಲ್ಕೊ ಈ ಮಾತನ್ನು ಒಪ್ಪಲಿಲ್ಲ. ಸಿದ್ಧ ಪೆಟ್ಟಿಗೆಯನ್ನು ಮಾರುವ ಬದಲು ಅದರ ಸಿಬ್ಬಂದಿ ಮನೆಗೆ ಹೋಗಿ ಕುಳಿತು ವಿಚಾರಿಸುವ ಕ್ರಮ ಬೆಳೆಯಿತು. ಯಾವ ಕೋಣೆಯಲ್ಲಿ, ಎಷ್ಟು ಹೊತ್ತು ಬೆಳಕು ಬೇಕು? ಯಾರ ಕೆಲಸಕ್ಕೆ ಬೇಕು? ಸೀಮೆಎಣ್ಣೆಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ? ಹಣ ಕೈಗೆ ಬರುವುದು ದಿನವೂ, ವಾರಕ್ಕೊಮ್ಮೆಯೋ, ಬೆಳೆ ಬಂದಾಗಲೋ? ಈ ಉತ್ತರಗಳ ಮೇಲೆ ದೀಪಗಳ ಸಂಖ್ಯೆ, ಬ್ಯಾಟರಿಯ ಗಾತ್ರ, ಸಾಲದ ಕಂತು ಎಲ್ಲವೂ ನಿರ್ಧಾರವಾಗುತ್ತಿದ್ದವು.

ಹೀಗೆ ಕೇಳುತ್ತಾ ಹೋದಾಗ ಕೋಣೆಯಲ್ಲಿ ಕುಳಿತು ಯೋಚಿಸಿದರೆ ಹೊಳೆಯದ ಸಂಗತಿಗಳು ಹೊರಬಂದವು. ರಾತ್ರಿ ಹೆರಿಗೆ ಮಾಡಿಸುವ ಸೂಲಗಿತ್ತಿಗೆ ಗೋಡೆಯ ದೀಪದಿಂದ ಪ್ರಯೋಜನ ಕಡಿಮೆ. ಎರಡೂ ಕೈ ಖಾಲಿ ಇರಬೇಕು, ಬೆಳಕು ಕಣ್ಣು ನೋಡುವ ಕಡೆಗೇ ಬೀಳಬೇಕು. ಆದ್ದರಿಂದ ಹಣೆಗೆ ಕಟ್ಟಿಕೊಳ್ಳುವ ಸೌರ ದೀಪ ಸಿದ್ಧವಾಯಿತು. ನಸುಕಿನಲ್ಲಿ ಹೂ ಕೀಳುವವರಿಗೂ ಇಂಥ ದೀಪವೇ ಬೇಕು. ಶಂಕರಪುರದ ಮಲ್ಲಿಗೆ ಬೆಳೆಗಾರರಿಗೂ ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವವರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಕೈಯಲ್ಲಿ ಟಾರ್ಚ್ ಹಿಡಿದರೆ ಅರ್ಧ ಕೆಲಸವೇ ಆಗುವುದು.

ಶಾಲಾ ಮಕ್ಕಳ ದೀಪದ ಯೋಜನೆಯೂ ಇದೇ ಬಗೆಯದು. ಸೌರ ಫಲಕವನ್ನು ಮನೆಯ ಮೇಲೆ ಇಡುವ ಬದಲು ಶಾಲೆಯ ಮಾಡಿನ ಮೇಲೆ ಇಟ್ಟರು. ಮಗು ಚಿಕ್ಕ ಬ್ಯಾಟರಿಯನ್ನು ಚೀಲದಲ್ಲಿ ಶಾಲೆಗೆ ತರುತ್ತದೆ, ಪಾಠ ನಡೆಯುವಾಗ ಅದು ಚಾರ್ಜ್ ಆಗುತ್ತದೆ, ಸಂಜೆ ಮನೆಯ ದೀಪ ಉರಿಯುತ್ತದೆ. ಶಾಲೆಗೆ ಬಂದರೆ ಮಾತ್ರ ಮನೆಯಲ್ಲಿ ಬೆಳಕು! ಖರ್ಚು ಇಳಿಯಿತು, ಹಾಜರಾತಿಗೂ ಒಂದು ಕಾರಣ ಸಿಕ್ಕಿತು.

ತಂತ್ರಜ್ಞಾನದ ಪಾಲೂ ಇಲ್ಲಿ ದೊಡ್ಡದು. ಆರಂಭದ ವರ್ಷಗಳಲ್ಲಿ ಸಿಎಫ್ಎಲ್ ದೀಪಗಳಿದ್ದವು. ಎಲ್ಇಡಿ ಬಂದ ಮೇಲೆ ಅಷ್ಟೇ ಬೆಳಕಿಗೆ ಕಡಿಮೆ ವಿದ್ಯುತ್ ಸಾಕಾಯಿತು. ಅದರಿಂದ ಚಿಕ್ಕ ಬ್ಯಾಟರಿ, ಚಿಕ್ಕ ಫಲಕ, ಕಡಿಮೆ ಬೆಲೆ. ದೀಪದಿಂದ ಆರಂಭವಾದ ಕೆಲಸ ಹೊಲಿಗೆ ಯಂತ್ರ, ರೊಟ್ಟಿ ಲಟ್ಟಿಸುವ ಯಂತ್ರ, ಕಮ್ಮಾರರ ಕುಲುಮೆಗೆ ಗಾಳಿ ಊದುವ ಬ್ಲೋವರ್ ಮುಂತಾದವುಗಳತ್ತ ಸಾಗಿತು. ನಮ್ಮ ಉಜಿರೆಯಲ್ಲಿಯೂ ಸೆಲ್ಕೊ ಪ್ರಯೋಗಾಲಯ ತೆರೆದು, ಹಳ್ಳಿಯ ಜನರ ನಡುವೆಯೇ ಹೊಸ ಸಾಧನಗಳನ್ನು ಪರೀಕ್ಷಿಸಿತು.

ದಿನಕ್ಕೆ 10 ರೂಪಾಯಿ

ಬೀದಿ ವ್ಯಾಪಾರಿಯೊಬ್ಬರಿಂದ ಕಲಿತ ಪಾಠವನ್ನು ಹಂದೆಯವರು ಅನೇಕ ಕಡೆ ಹೇಳಿದ್ದಾರೆ. ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕೊಡಬಹುದು ಎಂಬುದು ಆ ವ್ಯಾಪಾರಿಯ ಮಾತಿನ ಸಾರ. ಲೆಕ್ಕದಲ್ಲಿ ಎರಡೂ ಒಂದೇ. ಸಂಜೆ ಬಂದ ಹಣ ಮರುದಿನದ ಸಾಮಾನಿಗೂ ಮನೆಯ ಅಕ್ಕಿಗೂ ಖರ್ಚಾಗುವ ಬದುಕಿನಲ್ಲಿ ಅವೆರಡೂ ಬೇರೆ ಬೇರೆ. ಕಂತಿನ ಕ್ರಮ ಬದಲಾದರೆ ಅದೇ ದೀಪ ಕೈಗೆಟುಕುತ್ತದೆ.

ನಮ್ಮ ಕರಾವಳಿಗೆ ಇದು ಹಳೆಯ ಪಾಠ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ 2 ಆಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ನೇಕಾರರು, ಚಿಲ್ಲರೆ ವ್ಯಾಪಾರಿಗಳು, ಕೂಲಿಯವರು ಹೇಗೆ ದುಡಿಯುತ್ತಾರೆ ಎಂಬುದನ್ನು ನೋಡಿ ರೂಪಿಸಿದ ಯೋಜನೆ ಅದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಏಜೆಂಟರ ಕೈಪುಸ್ತಕವೇ ದತ್ತಾಂಶವಾಗಿತ್ತು.

ಮುಂದೆ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕರ್ನಾಟಕದಲ್ಲಿ ಸೌರ ದೀಪಗಳ ಸಾಲಕ್ಕೆ ಬಡ್ಡಿ ಸಹಾಯ ನೀಡಲು ಮುಂದಾದಾಗ ಕೈಜೋಡಿಸಿದ್ದು ಇದೇ ಸಿಂಡಿಕೇಟ್ ಬ್ಯಾಂಕ್ ಮತ್ತು 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಕಲಿಸಿದ ಪಾಠ ಮಾತ್ರ ಇಂದಿಗೂ ಹಳತಾಗಿಲ್ಲ.

ಅಂಕಿ-ಅಂಶಗಳು ಏನು ಹೇಳುತ್ತವೆ?

ಕೇಳಿ ತಿಳಿಯುವುದು ಒಂದು ದಾರಿಯಾದರೆ, ಅಳೆದು ತಿಳಿಯುವುದು ಇನ್ನೊಂದು. ಬೆಂಗಳೂರಿನ ದಕ್ಷಿಣ ಭಾಗದಲ್ಲೇ, ಬನ್ನೇರುಘಟ್ಟ ರಸ್ತೆಯಲ್ಲಿ ಕಚೇರಿ ಹೊಂದಿರುವ ಏಥರ್ ಎನರ್ಜಿ ಇದಕ್ಕೆ ಉದಾಹರಣೆ. ಮದ್ರಾಸ್ ಐಐಟಿಯ ಹಳೆ ವಿದ್ಯಾರ್ಥಿಗಳಾದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಸ್ಥಾಪಿಸಿದ ಈ ಕಂಪೆನಿ, 2018ರಲ್ಲಿ ಮೊದಲು ಬೆಂಗಳೂರಿನಲ್ಲಿ ತನ್ನ ವಿದ್ಯುತ್ ಸ್ಕೂಟರನ್ನು ಮಾರಾಟಕ್ಕೆ ಬಿಟ್ಟಿತು. ಈ ಸ್ಕೂಟರ್‌ನೊಳಗಿನ ಸಂವೇದಕಗಳು ಬ್ಯಾಟರಿಯ ಬಿಸಿ, ಚಾರ್ಜ್, ವೇಗ ಮುಂತಾದುವನ್ನು ಅಳೆಯುತ್ತವೆ. ಮೊಬೈಲ್ ಜಾಲದ ಮೂಲಕ ಆ ಮಾಹಿತಿ ಕಂಪೆನಿಗೆ ತಲುಪುತ್ತದೆ. ಅಲ್ಲಿನ ಎಂಜಿನಿಯರುಗಳು ಸಾಫ್ಟ್‌ವೇರ್ ತಿದ್ದಿ, ಅದೇ ಜಾಲದ ಮೂಲಕ ಸ್ಕೂಟರಿಗೆ ಹಿಂದಿರುಗಿಸುತ್ತಾರೆ. ಮನೆಯ ಮುಂದೆ ನಿಂತ ಗಾಡಿ ಗ್ಯಾರೇಜಿಗೆ ಹೋಗದೆಯೇ ಸುಧಾರಿಸುತ್ತದೆ.

ಜನರು ಹೇಳುವುದಕ್ಕೂ ಮಾಡುವುದಕ್ಕೂ ವ್ಯತ್ಯಾಸವಿರುತ್ತದೆ. ಉಪ್ಪಿನಕಾಯಿ ರುಚಿ ನೋಡಿದ ನೆರೆಯವರು ದಾಕ್ಷಿಣ್ಯಕ್ಕೆ "ಭಾರೀ ಲಾಯ್ಕಿದೆ" ಎಂದೇ ಹೇಳುತ್ತಾರೆ. ಎರಡನೆಯ ಬಾಟಲಿ ಕೊಂಡರೇ ಎಂಬುದು ನಿಜವಾದ ಉತ್ತರ. ಅದನ್ನು ತಿಳಿಸುವುದು ಅಂಕಿ-ಅಂಶ. ಕೊಳ್ಳಲಿಲ್ಲ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಏಕೆ ಕೊಳ್ಳಲಿಲ್ಲ ಎಂಬುದು ತಿಳಿಯದು. ಉಪ್ಪು ಹೆಚ್ಚಾಯಿತೇ, ಬಾಟಲಿ ದೊಡ್ಡದಾಯಿತೇ, ಮುಚ್ಚಳ ಸೋರಿತೇ? ಇದಕ್ಕೆ ಮತ್ತೆ ಮನೆಗೆ ಹೋಗಿ ಕೇಳಲೇಬೇಕು. ಹೀಗೆ ಎರಡೂ ದಾರಿಗಳು ಒಂದಕ್ಕೊಂದು ಆಸರೆ.

ಲೆಕ್ಕಕ್ಕೆ ಸಿಗದವರು

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಇಂದು ಹೆಚ್ಚಿನ ದತ್ತಾಂಶ ಬರುವುದು ಮೊಬೈಲಿನಿಂದ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ, ಬೀಡಿ ಕಟ್ಟುವ ತಾಯಿ, ಮೀನು ಬುಟ್ಟಿ ಹೊತ್ತು ಮನೆ ಮನೆಗೆ ಹೋಗುವ ಅಕ್ಕ ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಲೆಕ್ಕದಲ್ಲಿ ಇಲ್ಲದವರಿಗಾಗಿ ಯಾರೂ ವಸ್ತು ತಯಾರಿಸುವುದಿಲ್ಲ. ಅವರಿಗೆ ಬೇಡವಾಗಿತ್ತು ಎಂದು ಆಮೇಲೆ ಹೇಳುವುದು ಸುಲಭ. ಅವರನ್ನು ಕೇಳಿದವರು ಯಾರು ಎಂಬುದೇ ಪ್ರಶ್ನೆ.

ಇನ್ನೊಂದು ಅಪಾಯ, ಕೇಳದೆಯೇ ಮಾಹಿತಿ ತೆಗೆದುಕೊಳ್ಳುವುದು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಮಾಹಿತಿ ಏತಕ್ಕೆ ಬೇಕು ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಮುಖ್ಯ ತತ್ವಗಳಲ್ಲೊಂದು. ಕಾನೂನು ಇರಲಿ ಇಲ್ಲದಿರಲಿ, ಒಂದು ಕುಟುಂಬದ ಸಾಲ, ಕಾಯಿಲೆ, ಆದಾಯದ ವಿವರ ನಮ್ಮ ಕೈಗೆ ಬಂದರೆ ಅದು ನಮ್ಮ ಮೇಲಿಟ್ಟ ನಂಬಿಕೆ. ವಾಟ್ಸಾಪ್ ಗುಂಪಿನಲ್ಲಿ ಹಂಚುವ ವಿಷಯ ಅದಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಇದಕ್ಕೆಲ್ಲ ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ. ಒಂದು ನೋಟ್ ಪುಸ್ತಕ ಸಾಕು.

ಸ್ವಸಹಾಯ ಸಂಘವೊಂದು ಹಪ್ಪಳ ಮಾರುತ್ತಿದೆ ಎನ್ನೋಣ. ಯಾವ ಅಂಗಡಿಗೆ ಎಷ್ಟು ಪ್ಯಾಕೆಟ್ ಹೋಯಿತು, ಎಷ್ಟು ವಾಪಸು ಬಂತು, ಏಕೆ ವಾಪಸು ಬಂತು ಎಂದು ಪ್ರತಿ ವಾರ ಬರೆದಿಡಲಿ. 100ರಲ್ಲಿ 30 ವಾಪಸು ಬಂದರೆ, ಅವುಗಳಲ್ಲಿ 20 ಮುರಿದ ಹಪ್ಪಳಗಳಾದರೆ, ತಿದ್ದಬೇಕಾದದ್ದು ರುಚಿಯನ್ನಲ್ಲ, ಪ್ಯಾಕೆಟನ್ನು. ದೊಡ್ಡ ಪ್ಯಾಕೆಟ್ ಓಡುತ್ತದೋ ಚಿಕ್ಕದೋ ಎಂಬ ಸಂಶಯವಿದ್ದರೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿ ಒಂದು ತಿಂಗಳು ನೋಡಲಿ. ಹೆಚ್ಚು ಸಾಲ ಮಾಡಿ ಸಾವಿರ ಪ್ಯಾಕೆಟ್ ತುಂಬಿಸುವುದು ಆಮೇಲಿನ ಮಾತು.

ಬಡ ಕುಟುಂಬಕ್ಕೆ ಯಂತ್ರ ಕೊಡುವ ಮೊದಲು ವಾಳೆಯ ಗುರಿಕಾರರು ಆ ಮನೆಗೆ ಹೋಗಿ ಕೆಲವು ಪ್ರಶ್ನೆ ಕೇಳಬಹುದು. ಈಗ ಆ ಕೆಲಸವನ್ನು ಹೇಗೆ ಮಾಡುತ್ತೀರಿ? ಯಾವ ಹೊತ್ತಿನಲ್ಲಿ? ಮನೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ? ತಯಾರಿಸಿದ್ದನ್ನು ಕೊಳ್ಳುವವರು ಯಾರು? ಹಾಳಾದರೆ ಸರಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಮಾರಿದ ಊರಿನ ಸಮೀಪವೇ ಸೇವಾ ಕೇಂದ್ರವಿರಬೇಕು ಎಂದು ಸೆಲ್ಕೊ ಪಟ್ಟು ಹಿಡಿದದ್ದು ಇದಕ್ಕೇ. ರಿಪೇರಿಯಿಲ್ಲದ ಯಂತ್ರ ಬಡವರಿಗೆ ಇನ್ನೊಂದು ಹೊರೆ.

ಕೊಟ್ಟ ಮೇಲೆ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮತ್ತೆ ಹೋಗಿ ನೋಡೋಣ. ವಿತರಣೆಯ ದಿನ ಫೋಟೋ ತೆಗೆಯುವುದು ಎಲ್ಲರಿಗೂ ನೆನಪಿರುತ್ತದೆ. ಒಂದು ವರ್ಷದ ನಂತರ ಅದೇ ಮನೆಗೆ ಹೋಗಿ "ಇದು ಕೆಲಸಕ್ಕೆ ಬಂತೇ?" ಎಂದು ಕೇಳುವುದು ಕಷ್ಟ. "ಬರಲಿಲ್ಲ" ಎಂಬ ಉತ್ತರ ಬಂದರೆ ಬೇಸರಪಡಬೇಕಾಗಿಲ್ಲ. ಮುಂದಿನ ಮನೆಗೆ ಏನು ಕೊಡಬಾರದು ಎಂಬುದನ್ನು ಆ ಮನೆಯವರು ನಮಗೆ ಕಲಿಸಿಕೊಟ್ಟರು ಎಂದು ತಿಳಿಯೋಣ.

ಹಬ್ಬಕ್ಕೆ ಬಂದ ಬೆಂಗಳೂರಿನ ಮಕ್ಕಳನ್ನೂ ಈ ಕೆಲಸಕ್ಕೆ ಕರೆಯೋಣ. ಕಂಪೆನಿಗಾಗಿ ವರ್ಷವಿಡೀ ಮಾಡುವ ಕೆಲಸವನ್ನು ಊರಿನ ಸಂಘಕ್ಕಾಗಿ ಒಂದು ಮಧ್ಯಾಹ್ನ ಮಾಡಲು ಅವರು ಒಲ್ಲೆ ಎನ್ನಲಾರರು. ಅಂದು ತಾಯಂದಿರ ಪಕ್ಕದಲ್ಲಿ ಕುಳಿತು ನೋಟ್ ಪುಸ್ತಕದ ಲೆಕ್ಕ ನೋಡಿದರೆ, ಮಗ ಮಾಡುವ ಕೆಲಸ ಏನೆಂದು ಅಜ್ಜಿಗೂ ತಾನಾಗಿಯೇ ತಿಳಿದೀತು.