ಅಜ್ಜಿ ಟ್ರಂಕಿನ ಬಾಡಿ, ಅಜ್ಜನ ಬನಿಯನ್ ಯಾವ ಕಾಲದ್ದು? ಲೇಬಲ್ ನೋಡಿದ್ರೆ ಗೊತ್ತಾಗುತ್ತೆ

ಕೊಪ್ಪ: ಮಳೆಗಾಲಕ್ಕೆ ಮುಂಚೆ ಟ್ರಂಕ್ ಖಾಲಿ ಮಾಡುವಾಗ ಅಜ್ಜಿಯ ಬಾಡಿ, ಅಜ್ಜನ ಬನಿಯನ್, ಪಟ್ಟಾಪಟ್ಟಿ ಚಡ್ಡಿ ಸಿಕ್ಕರೆ ಸೀದಾ ನೆಲ ಒರೆಸೋಕೆ ಹಾಕಬೇಡಿ. ಶೃಂಗೇರಿ, ಎನ್.ಆರ್.ಪುರದ ಜವಳಿ ಅಂಗಡಿಯವರೂ ಅಟ್ಟದಲ್ಲಿ ಹಳೇ ಸ್ಟಾಕ್ ಇದ್ದರೆ ಎಸೆಯೋ ಮುಂಚೆ ಒಮ್ಮೆ ನೋಡಿ.

ಡಬ್ಬ, ಲೇಬಲ್ಲೇ ಸಾಕ್ಷಿ. ‘ನಯಾ ಪೈಸೆ’ ಅಂತಿದ್ದರೆ 1957ರಿಂದ 1964ರ ನಡುವಿನದು. ಬೆಲೆ ಆಣೆಯಲ್ಲಿದ್ದರೆ ಅದಕ್ಕೂ ಹಿಂದಿನದು. ಆರಂಕಿಯ ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ, ಅದಿದ್ದರೆ ಆಮೇಲಿನದು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗೆ ಮುಂಚಿನದು. ಹಳೇ ಲೇಬಲ್ ಖಾಲಿ ಆಗೋ ತನಕ ಬಳಸಿರಬಹುದು, ಹಾಗಾಗಿ ಒಂದೆರಡು ವರ್ಷ ಹೆಚ್ಚುಕಮ್ಮಿ ಇಟ್ಕೊಳ್ಳಿ.

ಲೇಬಲ್ ಇಲ್ಲವಾ? ಬಟ್ಟೆ ಮುಟ್ಟಿ ನೋಡಿ. ನೈಲಾನ್ ಇದ್ದರೆ 1940ಕ್ಕಿಂತ ಹಳೆಯದಲ್ಲ. ಕೈಹೊಲಿಗೆ ಒಂದನ್ನೇ ನಂಬಬೇಡಿ, ಮನೆಯಲ್ಲಿ ಹೊಲಿಯುವುದು ಬಹಳ ಕಾಲ ನಡೆದಿತ್ತು.

ಎಲಾಸ್ಟಿಕ್ ಎಳೆಯಬೇಡಿ, ಹಳೇ ರಬ್ಬರ್ ಪುಡಿಯಾಗುತ್ತೆ. ಬ್ಲೀಚ್ ಬೇಡ. ನೆರಳಲ್ಲಿ ಒಣಗಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಮಲೆನಾಡಿನ ಮಳೆಗೆ ಬೂಷ್ಟು ಗ್ಯಾರಂಟಿ.

ತೇಪೆ ಇದ್ದರೆ ಬಿಚ್ಚಬೇಡಿ. ಫೋಟೋದಲ್ಲಿ ಕಾಣದ ಈ ಬಟ್ಟೆಯನ್ನ ಮನೆಯವರು ಎಷ್ಟು ಜೋಪಾನವಾಗಿ ಬಾಳಿಸಿದ್ರು ಅನ್ನೋದಕ್ಕೆ ಉಳಿದಿರೋ ಗುರುತು ಅದೊಂದೇ.